ತೂತು ಕೊರೆದವನು

ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವಾಗ
ಎಡಕ್ಕೊಂದು ಹಳೇ ಕಾಫಿ ಗೋದಾಮು,
ಅದರೊಳಗೊಂದು ಹಾಯಿದೋಣಿ.
ಮೂವತ್ತೆರಡು ಅಡಿ. ಹಾಯಿಕಂಬ ಇನ್ನೂ ನೆಲದ ಮೇಲೇ,
ನಿಲ್ಲಿಸೋಣವೆಂದರೆ ಮಾಡು ಅಡ್ಡ.
ಸಮುದ್ರ ಸಂಪಾಜೆ ಘಾಟಿಯ ಆಚೆ ಎಲ್ಲೋ.

ಫೋನಿನಲ್ಲಿ ದೇಚಕ್ಕ ಕೇಳಿದ್ದು ಇಷ್ಟೇ:
"ಹಂಸ, ಎಸಿ ಕೂರಿಸೋಕೆ ಬರ್ತೀಯಾ?"
ನಾನು ಕೇಳಿದ್ದು: "ಎಷ್ಟನೇ ಮಹಡಿ?"

ಬ್ಯಾಂಕಿಗೆ ಕೂರಿಸಿದ್ದೇನೆ, ಚಿನ್ನದಂಗಡಿಗೆ,
ಕೋಳಿಯಂಗಡಿಯ ಕೋಲ್ಡ್ ರೂಮಿಗೆ,
ಒಮ್ಮೆ ಹೆಣವಿಡುವ ಪೆಟ್ಟಿಗೆಗೂ.
ಯಾವುದೂ ಅಲುಗಾಡುವಂಥದ್ದಲ್ಲ.
ಹೆಸರು ಹಂಸ, ಈಜು ಬಾರದು.
ಹಾರಂಗಿಯಲ್ಲಿ ಮೊಣಕಾಲಿನಾಚೆ ಇಳಿದವನಲ್ಲ ನಾನು.

ಹಲಸಿನ ಹಲಗೆಯ ಮೇಲೆ ಕ್ಯಾಟಲಾಗು ಹರಡಿದ್ದರು.
ಕಿಟಕಿಯದ್ದನ್ನು ಮೇಲಿಟ್ಟರೆ ಹಗ್ಗ ಸುತ್ತಿಕೊಳ್ಳುತ್ತದೆ.
ಸ್ಪ್ಲಿಟ್ ಎಂದರೆ ಹೊರಗಿನ ಪೆಟ್ಟಿಗೆಯನ್ನು ಉಪ್ಪು ತಿನ್ನುತ್ತದೆ,
ನಮ್ಮ ಗೆದ್ದಲಿಗಿಂತ ಅಚ್ಚುಕಟ್ಟಾಗಿ.
ಉಳಿದದ್ದು ನೀರಿನದು: ಮಂಚದಡಿ ಕೂರುವಂಥದ್ದು,
ಹೊರಗಿನ ಫ್ಯಾನಿನ ಬದಲು
ಅದಕ್ಕೊಂದು ಸಮುದ್ರ.

"ಗಾಳಿಯಲ್ಲಿ ಓಡೋ ದೋಣಿಗೆ ಇದೆಲ್ಲ ಯಾಕೆ ಅಕ್ಕ?"
"ಓಡುವಾಗ ಗಾಳಿ ಇರುತ್ತೆ. ಕಟ್ಟಿಹಾಕಿದಾಗ?
ಮೇ ತಿಂಗಳಲ್ಲಿ ಮಂಗಳೂರಿನ ಅಳಿವೆಯೊಳಗೆ ಒಂದು ರಾತ್ರಿ ಮಲಗಿ ನೋಡು.
ಹಡಗಿನ ಇಂಜಿನ್ ರೂಮಲ್ಲಿ ಇಪ್ಪತ್ತಾರು ವರ್ಷ ಬೆವರಿದ್ದೀನಿ,
ಸಂಬಳಕ್ಕೆ. ಇನ್ನು ಬೆವರೋದು ನನ್ನಿಷ್ಟ."

ಟೇಪು ಹಿಡಿದು ಅಳೆದೆ.
ಹದಿನಾರು ಸಾವಿರದ್ದು ಬೇಡ, ಹನ್ನೆರಡು ಸಾಕು ಎಂದೆ.
ದೊಡ್ಡದು ಬೇಗ ತಣಿಸುತ್ತದೆ, ಬೇಗ ನಿಲ್ಲುತ್ತದೆ,
ತೇವ ಹಾಗೇ ಉಳಿಯುತ್ತದೆ,
ಚಾ ಕುದಿಯುವ ಮೊದಲೇ ಎದ್ದುಹೋಗುವ ನೆಂಟರ ಹಾಗೆ.
ದೇಚಕ್ಕ ನಕ್ಕರು. ಅಷ್ಟು ಹೊತ್ತೂ
ನನ್ನನ್ನೇ ಅಳೆಯುತ್ತಿದ್ದರೆಂದು ಆಗ ಗೊತ್ತಾಯಿತು.

ನಾಲ್ಕನೇ ದಿನ, ತೂತು.
ಅವರೇ ಬಳಿದ ನೀಲಿ ಗೆರೆಯ ಕೆಳಗೆ,
ನಾಳೆ ನೀರು ನಿಲ್ಲುವ ಕಡೆ.
ಡ್ರಿಲ್ಲು ಹಿಡಿದೆ. ಬೆರಳು ಒತ್ತಲಿಲ್ಲ.
ಮೂರು ವರ್ಷ ಪದರದ ಮೇಲೆ ಪದರ ಹಚ್ಚಿ
ನೀರು ಬರದಂತೆ ಕಟ್ಟಿದ್ದಕ್ಕೆ
ಈಜು ಬಾರದವನ ಕೈ.

"ಎಲ್ಲರ ಮನೆ ದೋಸೆಯೂ ತೂತೇ, ಹಂಸ. ಕೊರಿ.
ನೀರು ಬರಲಿ,
ನಾವು ಹೇಳಿದ ದಾರೀಲಿ ಬರಲಿ, ಅಷ್ಟೇ."

ಬಿಳಿ ಪುಡಿ, ಸುಟ್ಟ ವಾಸನೆ,
ಕೊನೆಗೆ ಅಂಗೈಗೆ ಬಿದ್ದ ಬಿಸಿ ಬಿಲ್ಲೆ.
ಆಮೇಲೆ ಕಂಚಿನ ವಾಲ್ವು, ಜರಡಿ, ಪಂಪು.
ಕೊಳವೆ ಏರುತ್ತಲೇ ಹೋಗಬೇಕು,
ನಡುವೆ ಗುಬ್ಬವೆದ್ದರೆ ಗಾಳಿ ಅಲ್ಲಿ ಕೂತು
ಇಡೀ ಸಮುದ್ರದ ಬಾಯಿ ಕಟ್ಟುತ್ತದೆ.

ಪರೀಕ್ಷೆಯ ದಿನ ಜನವರಿ, ಬೆಳಿಗ್ಗೆ,
ಹೊರಗೆ ಹದಿಮೂರು ಡಿಗ್ರಿ.
ಡ್ರಮ್ಮಿಗೆ ತೋಡಿನ ನೀರು. ದೇಚಕ್ಕ ಅದಕ್ಕೆ
ನಾಲ್ಕು ಕಿಲೋ ಕಲ್ಲುಪ್ಪು ಸುರಿದರು: "ಅಭ್ಯಾಸ ಆಗಲಿ."
ಸೆಖೆಯೇ ಇಲ್ಲದೆ ಏನನ್ನು ತಣಿಸುವುದು?
ಒಳಗೆ ಎರಡು ಒಲೆ ಹಚ್ಚಿ, ಹಂಡೆ ನೀರು ಕುದಿಸಿ,
ಕಾಫಿ ಕುಯ್ಯಲು ಬಂದಿದ್ದವರಲ್ಲಿ ಆರು ಜನರನ್ನು ಕೂರಿಸಿ
ಮುಚ್ಚಳ ಹಾಕಿ
ಸುಂಟಿಕೊಪ್ಪದಲ್ಲಿ ಒಂದು ಮಂಗಳೂರು ಮಾಡಿದೆವು.
ಸ್ವೆಟರು ಒಂದೊಂದೇ ಕಳಚಿತು.
ಅಸ್ಸಾಮಿನ ಜುನಾಕಿ ಹೇಳಿದಳು,
"ನಮ್ಮಲ್ಲಿ ದೋಣಿಗೆ ಬಾಗಿಲೇ ಇರಲ್ಲ."

ಗುಂಡಿ ಒತ್ತಿದೆ. ಪಂಪು ಕೆಮ್ಮಿತು, ಕುಡಿಯಿತು.
ಐದೇ ನಿಮಿಷ, ಕನ್ನಡಕದ ಮಂಜು ಇಳಿಯಿತು.

ಹೊರಗೆ ಗದ್ದಲ. ಇಳಿದು ನೋಡಿದರೆ
ದೋಣಿಯ ಪಕ್ಕೆಯಿಂದ ಬೀಳುವ ನೀರಿಗೆ
ಕೈಯೊಡ್ಡಿ ಸಾಲು ನಿಂತಿದ್ದಾರೆ,
ಹಣ್ಣು ಕುಯ್ದು ಮರಗಟ್ಟಿದ ಬೆರಳುಗಳು.
ಉಗುರು ಬೆಚ್ಚಗಿನ ನೀರು.
ಯಾರದೋ ಮಗು ಮುಖವನ್ನೇ ಇಟ್ಟಿತ್ತು.

ತಂಪು ಎಂಬ ವಸ್ತುವೇ ಇಲ್ಲ,
ಇರುವುದು ಬಿಸಿ; ಅದನ್ನೆತ್ತಿ ಬೇರೆ ಕಡೆ ಇಡುವುದು ನನ್ನ ಕಸುಬು.
ಮೂವತ್ತು ವರ್ಷ ಎತ್ತಿದ್ದೇನೆ.
ಇಟ್ಟ ಜಾಗವನ್ನು ತಿರುಗಿ ನೋಡಿರಲಿಲ್ಲ.

ಬಿಲ್ಲೆ ಈಗ ಅಂಗಡಿಯಲ್ಲಿದೆ.
ಚಾ ಲೋಟಕ್ಕೆ ಮುಚ್ಚುತ್ತೇನೆ.